ಗಾಯವಿಲ್ಲದ ದೇಹ: ಎರಡು ಜನಪ್ರಿಯ ಕಾದಂಬರಿ ಮಾಲೆಗಳ ದೈವಶಾಸ್ತ್ರೀಯ ಓದು

ಪೋಪ್ ಫ್ರಾನ್ಸಿಸ್‌ರವರು 2024ರ ಜುಲೈ 17ರಂದು ತರಬೇತಿಯಲ್ಲಿ ಸಾಹಿತ್ಯದ ಪಾತ್ರವನ್ನು ಕುರಿತು ಬರೆದ ಪತ್ರದಲ್ಲಿ ಅವರದೇ ಜೀವನದ ಒಂದು ಹಳೆಯ ಪ್ರಸಂಗವಿದೆ. 1964–65ರಲ್ಲಿ ಅವರು ಅರ್ಜೆಂಟೀನಾದ ಸಾಂತಾ ಫೆ ನಗರದ ಯೇಸುಸಭೆಯ ಶಾಲೆಯಲ್ಲಿ ಸಾಹಿತ್ಯದ ಉಪಾಧ್ಯಾಯರಾಗಿದ್ದರು. ಪಠ್ಯದಲ್ಲಿ ‘ಎಲ್ ಸಿದ್’ ಎಂಬ ಮಧ್ಯಯುಗದ ವೀರಕಾವ್ಯವಿತ್ತು. ಹುಡುಗರಿಗೆ ಅದು ರುಚಿಸಲಿಲ್ಲ, ಗಾರ್ಸಿಯಾ ಲೋರ್ಕಾನನ್ನು ಓದೋಣವೆಂದರು. ವೀರಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳುವುದೆಂದೂ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಪ್ರಿಯರಾದ ಲೇಖಕರನ್ನು ಚರ್ಚಿಸುವುದೆಂದೂ ಉಪಾಧ್ಯಾಯರು ತೀರ್ಮಾನಿಸಿದರು. ಪತ್ರದ ಉಳಿದ ಭಾಗಗಳನ್ನು ನಾವು ಸಂತೋಷದಿಂದ ಉಲ್ಲೇಖಿಸುತ್ತೇವೆ. ಈ ಪ್ರಸಂಗ ಮುಂದಿಡುವ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಎತ್ತಿಕೊಳ್ಳುವುದಿಲ್ಲ: ನಮ್ಮ ಗುರು ಅಭ್ಯರ್ಥಿಗಳು ಮತ್ತು ಧರ್ಮಕೇಂದ್ರಗಳ ಯುವಜನರು ಯಾರ ಒತ್ತಾಯವೂ ಇಲ್ಲದೆ, ತಾವಾಗಿಯೇ ಏನನ್ನು ಓದುತ್ತಿದ್ದಾರೆ?

ಅವರ ಮೊಬೈಲುಗಳಲ್ಲಿ ದೊಸ್ತೊಯೆವ್‌ಸ್ಕಿಗಿಂತ ಹೆಚ್ಚಾಗಿ ಸಿಗುವುದು ಮಾಲೆಯಾಗಿ ಬರುವ ಜನಪ್ರಿಯ ಕಾದಂಬರಿಗಳು. ಅವುಗಳಲ್ಲಿ ಎರಡು ಬಗೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲನೆಯದು ರಕ್ತಪಿಶಾಚಿ, ತೋಳಮಾನವ ಮೊದಲಾದ ಅತಿಮಾನುಷ ಜೀವಿಗಳೊಂದಿಗೆ ಮಾನವರ ಪ್ರಣಯವನ್ನು ಹೇಳುವ ಕಾದಂಬರಿ. ಎರಡನೆಯದು ಹಿಂದಿನ ಶತಮಾನಗಳಲ್ಲಿ ನಡೆಯುವ ಐತಿಹಾಸಿಕ ಪತ್ತೇದಾರಿ ಕಾದಂಬರಿ. ಮೊದಲನೆಯದನ್ನು ಕೆಲವರು ಸೈತಾನನ ಬಾಗಿಲೆಂದು ಹೆದರುತ್ತಾರೆ. ಎರಡನೆಯದನ್ನು ಕಾಲಹರಣವೆಂದು ಬದಿಗಿಡುತ್ತಾರೆ. ಧರ್ಮಸಭೆಯ ಬೋಧನೆ ಎಚ್ಚರಿಸುವುದು ಮಾಟಮಂತ್ರ, ಕಣಿ, ಪ್ರೇತಾವಾಹನೆಗಳ ಆಚರಣೆಯ ವಿರುದ್ಧವೇ ಹೊರತು ಕಟ್ಟುಕಥೆಯ ವಿರುದ್ಧವಲ್ಲ ಎಂಬುದನ್ನು ಹೆದರುವವರಿಗೆ ನೆನಪಿಸಿದರೆ ಸಾಕು. ಬದಿಗಿಡುವವರೊಂದಿಗೆ ಮಾತು ಸ್ವಲ್ಪ ದೀರ್ಘವಾಗಬೇಕಾಗುತ್ತದೆ. ಏಕೆಂದರೆ ಈ ಎರಡು ಬಗೆಯ ಕಾದಂಬರಿಗಳೂ ಮರಣವನ್ನು ಕುರಿತೇ ಬರೆದಂಥವು. ಸತ್ತವರನ್ನು ಏನು ಮಾಡಬೇಕು, ಪ್ರೀತಿಸಿದವರು ಸತ್ತರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಅವು ಉತ್ತರ ಕೊಡಲು ಯತ್ನಿಸುತ್ತವೆ. ನಾವೂ ಅದೇ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು.

ಇವುಗಳ ವಂಶಾವಳಿಯಲ್ಲಿ ಒಂದು ವಿಚಿತ್ರವಿದೆ. ಪತ್ತೇದಾರಿ ಕಥೆಯಿಂದ ಅಲೌಕಿಕವನ್ನು ಹೊರಗಟ್ಟಿದವರಲ್ಲಿ ಪ್ರಮುಖರು ವಿಶ್ವಾಸಿಗಳೇ. ಬೈಬಲನ್ನು ಇಂಗ್ಲಿಷಿಗೆ ಭಾಷಾಂತರಿಸಿದ ಕಥೋಲಿಕ ಯಾಜಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಬರಹಗಾರರಿಗಾಗಿ ವಿನೋದದ ದಶಾಜ್ಞೆಗಳನ್ನು ರಚಿಸಿದಾಗ, ರಹಸ್ಯವನ್ನು ಬಿಡಿಸಲು ಅಲೌಕಿಕ ಶಕ್ತಿಗಳನ್ನು ತರಕೂಡದೆಂಬುದು ಅವುಗಳಲ್ಲೊಂದಾಗಿತ್ತು. ಚೆಸ್ಟರ್ಟನ್ ಸೃಷ್ಟಿಸಿದ ಫಾದರ್ ಬ್ರೌನ್ ವೇಷಧಾರಿ ಪಾದ್ರಿಯನ್ನು ಗುರುತಿಸುವುದು ಆತ ಮಾನವ ವಿವೇಕವನ್ನು ಹೀಗಳೆದಾಗ; ಅದು ಕೆಟ್ಟ ದೈವಶಾಸ್ತ್ರವೆಂದು ಆ ಪುಟ್ಟ ಯಾಜಕನಿಗೆ ಗೊತ್ತಿತ್ತು. ಇತ್ತ ರಕ್ತಪಿಶಾಚಿಯ ಕಥೆಗೆ ನೆಲೆ ಕೊಟ್ಟ ಬ್ರಾಮ್ ಸ್ಟೋಕರ್ ಐರ್ಲೆಂಡಿನ ಪ್ರೊಟೆಸ್ಟೆಂಟ್. ಆತನ ‘ಡ್ರಾಕುಲಾ’ (1897) ಕಾದಂಬರಿಯಲ್ಲಿ ಪ್ರಾಧ್ಯಾಪಕ ವಾನ್ ಹೆಲ್ಸಿಂಗ್ ಪಿಶಾಚಿಯ ಸಮಾಧಿಯನ್ನು ಮುಚ್ಚಲು ಪರಮಪ್ರಸಾದವನ್ನೇ ಪುಡಿಮಾಡಿ ಬಳಸುತ್ತಾನೆ. ಕೇಳಿದರೆ ತನ್ನ ಬಳಿ ಅದಕ್ಕೆ ‘ಇಂಡಲ್ಜೆನ್ಸ್’ ಇದೆ ಎನ್ನುತ್ತಾನೆ. ಪಾಪದ ತಾತ್ಕಾಲಿಕ ಶಿಕ್ಷೆಯ ವಿಮೋಚನೆಯನ್ನು ಪರಮಪ್ರಸಾದದ ದುರ್ಬಳಕೆಗೆ ಪರವಾನಗಿಯೆಂದು ತಿಳಿದ ಈ ಪ್ರಾಧ್ಯಾಪಕ ನಮ್ಮ ಸಂಸ್ಕಾರಶಾಸ್ತ್ರದ ಪರೀಕ್ಷೆಯಲ್ಲಿ ಖಂಡಿತ ತೇರ್ಗಡೆಯಾಗುತ್ತಿರಲಿಲ್ಲ. ಆದರೂ ಸ್ಟೋಕರನ ಲೋಕದಲ್ಲಿ ಪವಿತ್ರ ವಸ್ತುವಿಗೆ ಶಕ್ತಿಯಿದೆ. ಪಿಶಾಚಿಯಿಂದ ಮಲಿನಳಾದ ಮೀನಾಳ ಹಣೆಗೆ ಪರಮಪ್ರಸಾದ ತಾಗಿದೊಡನೆ ಚರ್ಮ ಸುಡುತ್ತದೆ.

ನೂರೆಂಟು ವರ್ಷಗಳ ಅನಂತರ, 2005ರಲ್ಲಿ, ಸ್ಟೆಫನಿ ಮೇಯರ್ ಬರೆದ ‘ಟ್ವೈಲೈಟ್’ ಪ್ರಕಟವಾಯಿತು. ‘ನ್ಯೂ ಮೂನ್’, ‘ಎಕ್ಲಿಪ್ಸ್’, ‘ಬ್ರೇಕಿಂಗ್ ಡಾನ್’ ಎಂಬ ಮುಂದಿನ ಭಾಗಗಳು 2008ರೊಳಗೆ ಬಂದವು. ಮಾಲೆಯ 10 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಅಮೆರಿಕದ ಫೋರ್ಕ್ಸ್ ಎಂಬ ಮಳೆಯೂರಿಗೆ ಬರುವ ಹದಿನೇಳರ ಹುಡುಗಿ ಬೆಲ್ಲಾ, 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯಬೇಕಾಗಿದ್ದು ರಕ್ತಪಿಶಾಚಿಯಾಗಿ ಉಳಿದ ಎಡ್ವರ್ಡ್‌ನನ್ನು ಪ್ರೀತಿಸುತ್ತಾಳೆ. ಎಡ್ವರ್ಡ್‌ನನ್ನು ಹಾಗೆ ಉಳಿಸಿದವನು ವೈದ್ಯ ಕಾರ್ಲೈಲ್. 17ನೆಯ ಶತಮಾನದ ಲಂಡನ್ನಿನ ಆಂಗ್ಲಿಕನ್ ಪಾದ್ರಿಯ ಮಗನಾದ ಈತ ಮನುಷ್ಯರ ರಕ್ತವನ್ನು ತ್ಯಜಿಸಿ ರೋಗಿಗಳ ಸೇವೆಗೆ ನಿಂತಿದ್ದಾನೆ. ಆತನ ಮನೆಯ ಗೋಡೆಯ ಮೇಲೆ ದೊಡ್ಡದೊಂದು ಮರದ ಶಿಲುಬೆಯಿದೆ. ಅದು ತಂದೆ ಸ್ವತಃ ಕೆತ್ತಿದ್ದು, ಹಿಂದೆ ಬೋಧನಾಪೀಠದ ಮೇಲೆ ತೂಗುತ್ತಿದ್ದದ್ದು. ಅದು ಯಾರನ್ನೂ ಸುಡುವುದಿಲ್ಲ, ಓಡಿಸುವುದಿಲ್ಲ. ಅಜ್ಜನ ಕೋಲಿನಂತೆ ಅದೊಂದು ಮನೆತನದ ನೆನಪು. ಮೇಯರ್ ಇಲ್ಲಿ ಧರ್ಮವನ್ನು ಅಣಕಿಸುತ್ತಿಲ್ಲ. ಶಿಲುಬೆ ಗೋಡೆಯ ಮೇಲಿದ್ದೂ ಮನೆಯೊಳಗೆ ಏನನ್ನೂ ಬದಲಿಸದ ಸ್ಥಿತಿಯನ್ನು ಕಂಡಂತೆ ದಾಖಲಿಸಿದ್ದಾರೆ. ಮನೆಮನೆಗೆ ಆಶೀರ್ವಾದಕ್ಕೆ ಹೋಗುವ ಯಾಜಕರಿಗೆ ಆ ಗೋಡೆ ಅಪರಿಚಿತವೇನಲ್ಲ.

ಮಾಲೆಯ ಅತ್ಯಂತ ಗಂಭೀರ ಪುಟಗಳು ‘ನ್ಯೂ ಮೂನ್’ನ ಆರಂಭದಲ್ಲಿವೆ. ಬೆಲ್ಲಾಳ ಕೈಗೆ ಹೊಲಿಗೆ ಹಾಕುತ್ತ ಕಾರ್ಲೈಲ್ ತನ್ನ ವಿಶ್ವಾಸದ ಬಗ್ಗೆ ಮಾತನಾಡುತ್ತಾನೆ. ದೇವರಿದ್ದಾನೆ ಎಂಬುದರಲ್ಲಿ ಅವನಿಗೆ ಸಂಶಯ ಬಂದದ್ದಿಲ್ಲ. ತನ್ನಂಥವರಿಗೂ ಮರಣದಾಚೆ ಏನಾದರೂ ಇರಬಹುದೆಂದು ಆಶಿಸುತ್ತಾನೆ. ಎಡ್ವರ್ಡ್ ಇದನ್ನು ಒಪ್ಪುವುದಿಲ್ಲ: ರಕ್ತಪಿಶಾಚಿಗಳು ಆತ್ಮವನ್ನು ಕಳೆದುಕೊಂಡವರೆಂದು ಅವನ ನಂಬಿಕೆ. ಆದ್ದರಿಂದಲೇ ಬೆಲ್ಲಾಳನ್ನು ತನ್ನಂತೆ ಮಾಡಲು ಹಿಂಜರಿಯುತ್ತಾನೆ. ತನ್ನ ಸುಖಕ್ಕಾಗಿ ಮತ್ತೊಬ್ಬರ ಆತ್ಮವನ್ನು ಅಪಾಯಕ್ಕೊಡ್ಡಲಾರೆ ಎನ್ನುವ ಪ್ರೇಮಿಯನ್ನು ಹದಿಹರೆಯದವರ ಕಾದಂಬರಿಯಲ್ಲಿ ಕಾಣುವುದು ಅಪರೂಪ. ಇಲ್ಲಿ ಒಂದು ತರಗತಿಯ ಚರ್ಚೆಗೆ ಬೇಕಾದಷ್ಟು ಸಾಮಗ್ರಿಯಿದೆ. ನಮ್ಮ ಬೋಧನೆಯ ಪ್ರಕಾರ ಆತ್ಮವು ದೇವರಿಂದ ನೇರವಾಗಿ ಸೃಷ್ಟಿಯಾದದ್ದು, ಅಮರವಾದದ್ದು. ಹಲ್ಲಿನ ಗಾಯದಿಂದ ಅದು ಸೋರಿಹೋಗುವುದಿಲ್ಲ. ನಾಶನ ಬರುವುದಾದರೆ ಸಂಕಲ್ಪದ ಮೂಲಕ ಬರಬೇಕು. ಪಾದ್ರಿಯ ಮಗನಾದ ಕಾರ್ಲೈಲ್ ದೀಕ್ಷಾಸ್ನಾನ ಪಡೆದಿದ್ದನೆಂದು ಊಹಿಸುವುದಾದರೆ ಆ ಮುದ್ರೆ ಅಳಿಸಲಾಗದ್ದು. ಹಾಗಾದರೆ ಎಡ್ವರ್ಡ್‌ನ ಹತಾಶೆಗಿಂತ ಕಾರ್ಲೈಲ್‌ನ ಆಶೆಯೇ ನಮ್ಮ ವಿಶ್ವಾಸಕ್ಕೆ ಹತ್ತಿರ.

ಆದರೆ ಮೇಯರ್ ಈ ಪ್ರಶ್ನೆಯನ್ನು ಎತ್ತಿ, ಉತ್ತರಿಸದೆ, ಅದರಿಂದ ಪಾರಾಗುತ್ತಾರೆ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ‘ಬ್ರೇಕಿಂಗ್ ಡಾನ್’ನಲ್ಲಿ ಬೆಲ್ಲಾ ರಕ್ತಪಿಶಾಚಿಯಾಗಿ ಎದ್ದಾಗ ಆತ್ಮದ ಚಿಂತೆ ಎಲ್ಲಿಯೋ ಕರಗಿಹೋಗಿರುತ್ತದೆ. ಉಳಿಯುವುದು ದೇಹ: ಕನ್ನಡಿಯಲ್ಲಿ ಅವಳಿಗೆ ಕಾಣುವುದು ಒಂದೂ ಕುಂದಿಲ್ಲದ, ಅಮೃತಶಿಲೆಯಂಥ, ಎಂದೆಂದಿಗೂ ಹದಿನೆಂಟರಲ್ಲೇ ನಿಂತ ರೂಪ. ಇದು ಪುನರುತ್ಥಾನದ ಪ್ರತಿಬಿಂಬದಂತೆ ತೋರುತ್ತದೆ. ಕಾರ್ಲೈಲ್ ಕೂಡ ಮೂರು ದಿನ ನೆಲಮಾಳಿಗೆಯೊಂದರಲ್ಲಿ ಕೊಳೆತ ಆಲೂಗಡ್ಡೆಗಳ ನಡುವೆ ಅಡಗಿದ್ದು ಹೊಸ ಜೀವಿಯಾಗಿ ಹೊರಬಂದವನೇ. ಆದರೆ ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಪುನರುತ್ಥಾನರಾದ ಪ್ರಭು ಶಿಷ್ಯರಿಗೆ ಮೊದಲು ತೋರಿಸುವುದು ಕೈಗಳನ್ನೂ ಪಕ್ಕೆಯನ್ನೂ. ಮಹಿಮಾಭರಿತ ದೇಹದಲ್ಲಿ ಗಾಯಗಳು ಉಳಿದಿವೆ. ತೋಮನು ಗುರುತಿಸುವುದು ಅವುಗಳಿಂದಲೇ. ಪ್ರೀತಿಸಿ ನೊಂದ ಇತಿಹಾಸ ಆ ದೇಹದಲ್ಲಿ ಅಳಿಯದೆ ರೂಪಾಂತರಗೊಂಡಿದೆ. ಮೇಯರ್ ಅವರ ಲೋಕದಲ್ಲಿ ಜಾಸ್ಪರ್ ಎಂಬಾತನ ಮೈಮೇಲೆ ಕಚ್ಚಿದ ಗುರುತುಗಳಿವೆಯೆಂಬುದು ನಿಜ, ಆದರೆ ಅವು ಅನೇಕರೊಡನೆ ಕಾದಾಡಿ ಉಳಿದವನ ಎಚ್ಚರಿಕೆಯ ಫಲಕಗಳು. ಯಾರಿಗಾಗಿಯೋ ಪಡೆದ ಗಾಯ ಅಲ್ಲಿ ಶಾಶ್ವತವಾಗುವುದಿಲ್ಲ.

ಮದುವೆಯ ವಿಧಿಯಲ್ಲಿಯೂ ಇದೇ ನಿಲುವು ಕಾಣುತ್ತದೆ. ವಧೂವರರ ಇಚ್ಛೆಯಂತೆ ಮರಣವು ಅಗಲಿಸುವವರೆಗೆ ಎಂಬ ಪದಗಳನ್ನು ಕೈಬಿಟ್ಟು, ಇಬ್ಬರೂ ಬದುಕಿರುವವರೆಗೆ ಎಂಬರ್ಥದ ಮಾತುಗಳನ್ನು ಪಾದ್ರಿ ಹೇಳಿಸುತ್ತಾನೆ. ಸಾವೇ ಇಲ್ಲದವರಿಗೆ ಅದು ಅನಂತಕಾಲ. ಮೇಯರ್ ಮಾರ್ಮನ್ ಸಭೆಯ ಸದಸ್ಯೆ; ದೇವಾಲಯದಲ್ಲಿ ಮುದ್ರಿತವಾದ ವಿವಾಹ ಶಾಶ್ವತವೆಂದು ಆ ಸಭೆ ಬೋಧಿಸುತ್ತದೆ. ಕಾದಂಬರಿಯನ್ನು ಆ ಬೋಧನೆಯ ರೂಪಕವೆಂದು ಕುಗ್ಗಿಸುವುದು ತಪ್ಪಾದೀತು, ಆದರೆ ನಮ್ಮ ದಾರಿ ಎಲ್ಲಿ ಬೇರಾಗುತ್ತದೆಂಬುದು ಸ್ಪಷ್ಟವಿರಬೇಕು. ಏಳು ಸಹೋದರರನ್ನು ವರಿಸಿದ ವಿಧವೆಯ ಪ್ರಶ್ನೆಗೆ ಯೇಸು ಕೊಟ್ಟ ಉತ್ತರದಲ್ಲಿ (ಮತ್ತಾಯ 22), ಪುನರುತ್ಥಾನದಲ್ಲಿ ಮದುವೆ ಮುಂದುವರಿಯುವುದಿಲ್ಲ. ಪ್ರೀತಿ ಅಲ್ಲಿ ಮುಗಿಯುತ್ತದೆಂದು ಇದರರ್ಥವಲ್ಲ. ಒಬ್ಬ ಮನುಷ್ಯ ಮತ್ತೊಬ್ಬ ಮನುಷ್ಯನಿಗೆ ದೇವರಾಗಬೇಕಾದ ಹೊರೆಯಿಂದ ಅದು ಬಿಡುಗಡೆ ಹೊಂದುತ್ತದೆ. ಆ ಹೊರೆ ಎಷ್ಟು ಭಾರವೆಂಬುದನ್ನು ಮೇಯರ್ ಅವರೇ, ಬಹುಶಃ ಅರಿವಿಲ್ಲದೆ, ತೋರಿಸಿದ್ದಾರೆ. ಎಡ್ವರ್ಡ್ ಬಿಟ್ಟುಹೋದಾಗ ಬೆಲ್ಲಾಳ ಬದುಕಿನಲ್ಲಿ ಬರೆಯಲು ಏನೂ ಉಳಿಯುವುದಿಲ್ಲ: ಕೆಲವು ಪುಟಗಳಲ್ಲಿ ಒಂದೊಂದು ತಿಂಗಳ ಹೆಸರು ಮಾತ್ರ ಅಚ್ಚಾಗಿದೆ. ಅವಳು ನಿದ್ರಿಸುವಾಗ ಅವಳಿಗೆ ತಿಳಿಯದಂತೆ ಕೋಣೆಗೆ ಬಂದು ನೋಡುತ್ತ ಕೂರುವುದು, ಜೇಕಬ್‌ನ ಬಳಿಗೆ ಹೋಗದಂತೆ ಅವಳ ವಾಹನವನ್ನು ಕೆಡಿಸಿಡುವುದು ಪ್ರೀತಿಯ ಉತ್ಕಟತೆಯೆಂದೇ ಚಿತ್ರಿತವಾಗಿವೆ. ವಿವಾಹ ಸಿದ್ಧತೆಯ ಶಿಬಿರಗಳಲ್ಲಿ ಇಂಥ ನಡತೆಯನ್ನು ಕಾಳಜಿಯೆಂದು ವಿವರಿಸುವ ಹೆಣ್ಣುಮಕ್ಕಳನ್ನು ಭೇಟಿಯಾದವರಿಗೆ ಇದು ಬರೀ ಸಾಹಿತ್ಯ ವಿಮರ್ಶೆಯ ವಿಷಯವಾಗಿ ಉಳಿಯುವುದಿಲ್ಲ. ಮದುವೆಗೆ ಮುಂಚಿನ ಸಂಯಮಕ್ಕಾಗಿ ಈ ಮಾಲೆಯನ್ನು ಹೊಗಳುವವರು ಈ ಪುಟಗಳನ್ನೂ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಕೋಟ್ಯಂತರ ಯುವಓದುಗರು ಅಲ್ಲಿ ಏನನ್ನು ಹುಡುಕಿದರೆಂಬ ಪ್ರಶ್ನೆ ಉಳಿಯುತ್ತದೆ. ‘ಎಕ್ಲಿಪ್ಸ್’ ಬಂದ 2007ರಲ್ಲಿಯೇ, ನವೆಂಬರ್ 30ರಂದು, ಪೋಪ್ ಹದಿನಾರನೆಯ ಬೆನೆಡಿಕ್ಟ್‌ರವರು ‘ಸ್ಪೆ ಸಾಲ್ವಿ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ನಮಗೆ ನಿಜವಾಗಿಯೂ ನಿತ್ಯಜೀವ ಬೇಕೇ ಎಂದು ಅವರು ಅದರಲ್ಲಿ ನೇರವಾಗಿ ಕೇಳುತ್ತಾರೆ. ಈಗಿನ ಬದುಕನ್ನೇ ಕೊನೆಯಿಲ್ಲದೆ ಎಳೆಯುತ್ತಾ ಹೋಗುವುದು ವರಕ್ಕಿಂತ ಶಾಪವೆಂದು ತೋರೀತು. ಆದರೂ ಪ್ರೀತಿಸಿದವರು ಸಾಯುವುದು ನಮಗೆ ಬೇಡ. ಈ ಇಕ್ಕಟ್ಟಿನಿಂದ ಹೊರಟು ಅವರು ನಿತ್ಯತ್ವವನ್ನು ದಿನಗಳ ಸರಣಿಯಾಗಿ ಕಾಣದೆ, ಕಾಲವೇ ಇಲ್ಲದ ಪ್ರೀತಿಯ ಸಾಗರದಲ್ಲಿ ಮುಳುಗುವುದಾಗಿ ಕಾಣುತ್ತಾರೆ. ಆ ವರ್ಷ ನಮ್ಮ ಪೀಠಗಳಿಂದ ಎಷ್ಟು ಯುವಜನರು ಇದನ್ನು ಕೇಳಿದರು? ನಮ್ಮ ಶವಸಂಸ್ಕಾರದ ಪ್ರಬೋಧನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮೃತರ ಗುಣಗಾನ, ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆಂಬ ಸಮಾಧಾನ, ಅವರು ಮೇಲಿನಿಂದ ನಮ್ಮನ್ನು ನೋಡುತ್ತಿದ್ದಾರೆಂಬ ಮಾತು. ಭಾನುವಾರ ಭಾನುವಾರ ನಾವು ಉಚ್ಚರಿಸುವ ಶರೀರದ ಪುನರುತ್ಥಾನ ಸಮಾಧಿಯ ಬಳಿ ಮಾತ್ರ ಮಾಯವಾಗುತ್ತದೆ. ಗೆಳತಿಯನ್ನೋ ಅಣ್ಣನನ್ನೋ ಕಳೆದುಕೊಂಡ ಇಪ್ಪತ್ತರ ಹುಡುಗನಿಗೆ ಬೇಕಾಗಿರುವುದು ಅವರ ಮುಖ, ಧ್ವನಿ, ಕೈ. ನಾವು ಅವನಿಗೆ ದೇಹವಿಲ್ಲದ ಆತ್ಮವೊಂದನ್ನು ಕೊಟ್ಟು ಕಳುಹಿಸುತ್ತೇವೆ. ಮೇಯರ್ ಆತ್ಮವನ್ನು ಮರೆತರೂ ದೇಹವನ್ನಾದರೂ ಕೊಡುತ್ತಾರೆ. ಆತ್ಮವಷ್ಟೇ ಮನುಷ್ಯನಲ್ಲವೆಂದು ಸಂತ ತೋಮಸ್ ಅಕ್ವಿನಾಸರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ವ್ಯಾಖ್ಯಾನದಲ್ಲಿ ಹೇಳಿದ್ದನ್ನು ಪರೀಕ್ಷೆಗೆ ಬರೆದು ಮರೆತವರು ನಾವೇ.

ಈಗ ಎರಡನೆಯ ಮಾಲೆ. ಎಡಿತ್ ಪಾರ್ಜಿಟರ್ (1913–1995) ಎಂಬ ಇಂಗ್ಲಿಷ್ ಲೇಖಕಿ ಎಲಿಸ್ ಪೀಟರ್ಸ್ ಎಂಬ ಹೆಸರಿನಲ್ಲಿ 1977ರಿಂದ 1994ರವರೆಗೆ ಬರೆದ 20 ಕಾದಂಬರಿಗಳು ಸಹೋದರ ಕ್ಯಾಡ್‌ಫೆಲ್‌ನ ಮಾಲೆಯೆಂದು ಪ್ರಸಿದ್ಧವಾಗಿವೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ರಾತ್ರಿಯಿಡೀ ಓದಿದ ಹಿರಿಯರಿಗೆ ಮಾಲೆಯ ಮೋಹವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕಾಲ 1137ರಿಂದ 1145. ರಾಜ ಸ್ಟೀಫನ್ ಮತ್ತು ಸಾಮ್ರಾಜ್ಞಿ ಮಾಡ್ ಸಿಂಹಾಸನಕ್ಕಾಗಿ ಕಾದಾಡುತ್ತಿದ್ದ ಅರಾಜಕತೆಯ ಇಂಗ್ಲೆಂಡ್. ಸ್ಥಳ ಶ್ರೂಸ್‌ಬರಿಯ ಬೆನೆಡಿಕ್ಟೀನ್ ಮಠ. ಕ್ಯಾಡ್‌ಫೆಲ್ ವೇಲ್ಸ್ ನಾಡಿನವನು. ಧರ್ಮಯುದ್ಧದ ಸೈನಿಕನಾಗಿ, ನಾವಿಕನಾಗಿ ಅಲೆದು ನಡುವಯಸ್ಸಿನಲ್ಲಿ ಮಠ ಸೇರಿ, ಗಿಡಮೂಲಿಕೆಗಳ ತೋಟ ನೋಡಿಕೊಳ್ಳುತ್ತಾನೆ. ಆತ ಯಾಜಕನಲ್ಲ. ಇದನ್ನು ನೆನಪಿನಲ್ಲಿಡಬೇಕು.

ಎರಡನೆಯ ಕಾದಂಬರಿ ‘ಒನ್ ಕಾರ್ಪ್ಸ್ ಟೂ ಮೆನಿ’ (1979) ನನ್ನ ದೃಷ್ಟಿಯಲ್ಲಿ ಮಾಲೆಯ ಕೀಲಿ. 1138ರಲ್ಲಿ ಸ್ಟೀಫನ್ ಶ್ರೂಸ್‌ಬರಿಯ ಕೋಟೆಯನ್ನು ಗೆದ್ದು ಅದರ ರಕ್ಷಕರನ್ನು ಕೊಲ್ಲಿಸಿದ್ದು ಇತಿಹಾಸ. ಕಾದಂಬರಿಯಲ್ಲಿ ಗಲ್ಲಿಗೇರಿದವರು 94 ಮಂದಿ. ಶವಗಳನ್ನು ತೊಳೆದು ಮಣ್ಣಿಗೆ ಸಿದ್ಧಪಡಿಸಲು ಹೋದ ಕ್ಯಾಡ್‌ಫೆಲ್ ಎಣಿಸಿದಾಗ 95 ಇವೆ. ಹೆಚ್ಚಿನದು ಗಲ್ಲಿನಿಂದ ಸತ್ತದ್ದಲ್ಲ, ಕುತ್ತಿಗೆ ಬಿಗಿದು ಕೊಂದದ್ದು. ಇಷ್ಟು ಹೆಣಗಳ ನಡುವೆ ಒಂದನ್ನು ಯಾರು ಎಣಿಸುತ್ತಾರೆಂದು ಕೊಲೆಗಾರ ಲೆಕ್ಕ ಹಾಕಿದ್ದ. ರಾಜನ 94 ಕೊಲೆಗಳಿಗೆ ನ್ಯಾಯದ ಹೆಸರಿದೆ, 95ನೆಯದಕ್ಕೆ ಹೆಸರೇ ಇಲ್ಲ. ಕ್ಯಾಡ್‌ಫೆಲ್ ಆ ಹೆಸರಿಲ್ಲದ ಯುವಕನ ಪರ ನಿಲ್ಲುತ್ತಾನೆ. ತೊಂಬತ್ತೊಂಬತ್ತು ಕುರಿಗಳ ಸಾಮತಿ ಯಾವ ಓದುಗನಿಗಾದರೂ ನೆನಪಾದೀತು. ಆದರೆ ಇಲ್ಲಿ ಹುಡುಕುವವನಿಗೆ ಸಿಗುವ ಕುರಿ ಸತ್ತಿದೆ. ಸತ್ತವನಿಗೂ ಹೆಸರು ಸಲ್ಲಬೇಕು, ಎಣಿಕೆ ಸಲ್ಲಬೇಕು, ಮಣ್ಣು ಸಲ್ಲಬೇಕು. ಮೃತರನ್ನು ಹೂಳುವುದನ್ನು ದಯೆಯ ಕಾರ್ಯಗಳಲ್ಲಿ ಸೇರಿಸಿದ ಪರಂಪರೆಯ ಕಥೆಯಿದು. ಹೆಣಗಳು ಸಂಖ್ಯೆಗಳಾಗಿ ಮಾತ್ರ ವರದಿಯಾಗುವ ನಮ್ಮ ಕಾಲಕ್ಕೆ ಇದರ ಪ್ರಸ್ತುತತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಕಾದಂಬರಿ ‘ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್’ ಹೆಚ್ಚು ತುಂಟತನದ್ದು. ಶ್ರೂಸ್‌ಬರಿಯ ಸನ್ಯಾಸಿಗಳು 12ನೆಯ ಶತಮಾನದಲ್ಲಿ ವೇಲ್ಸ್‌ನ ಗ್ವಿಥೆರಿನ್‌ನಿಂದ ಸಂತ ವಿನಿಫ್ರೆಡ್‌ಳ ಪವಿತ್ರಾವಶೇಷಗಳನ್ನು ತಂದದ್ದು ನಿಜ. ಕಾದಂಬರಿಯಲ್ಲಿ ಕ್ಯಾಡ್‌ಫೆಲ್ ಸಂತಳನ್ನು ಅವಳ ಮಣ್ಣಿನಲ್ಲೇ ಬಿಟ್ಟು, ಪೆಟ್ಟಿಗೆಯೊಳಗೆ ಕೊಲೆಗಾರ ಸನ್ಯಾಸಿಯ ದೇಹವನ್ನಿಟ್ಟು ಮುದ್ರೆ ಹಾಕುತ್ತಾನೆ. ಇಡೀ ಮಠ ಅದಕ್ಕೆ ಮಂಡಿಯೂರುತ್ತದೆ. ಇಲ್ಲಿಗೆ ನಿಂತಿದ್ದರೆ ಇದೊಂದು ವ್ಯಂಗ್ಯ. ಆದರೆ ಮಾಲೆಯ ಹತ್ತನೆಯ ಕೃತಿ ‘ದ ಪಿಲ್ಗ್ರಿಮ್ ಆಫ್ ಹೇಟ್’ನಲ್ಲಿ (1984) ರೂನ್ ಎಂಬ ಕುಂಟ ಹುಡುಗ ಆ ಪೆಟ್ಟಿಗೆಯ ಎದುರು ಊರುಗೋಲು ಬಿಟ್ಟು ನಡೆಯುತ್ತಾನೆ. ಪೆಟ್ಟಿಗೆಯಲ್ಲಿ ಸಂತಳಿಲ್ಲವೆಂದು ಬಲ್ಲ ಕ್ಯಾಡ್‌ಫೆಲ್ ಬೆರಗಾಗುತ್ತಾನೆ. ಸಂತರ ಮೂಳೆ ಸಂಸ್ಕಾರವಲ್ಲ, ಅದರಲ್ಲಿ ಯಾಂತ್ರಿಕ ಶಕ್ತಿಯಿಲ್ಲ, ಕೃಪೆ ದೇವರ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂಬುದನ್ನು ಒಂದು ಸೆಮಿಸ್ಟರ್ ಪೂರ್ತಿ ಕಲಿಸುವ ನನಗೆ ಈ ಒಂದು ದೃಶ್ಯದ ಮೇಲೆ ಸ್ವಲ್ಪ ಅಸೂಯೆಯಿದೆ. ನಾಕ್ಸ್‌ನ ಆಜ್ಞೆಯೂ ಇಲ್ಲಿ ಮುರಿದಿಲ್ಲ: ಕೊಲೆಯ ರಹಸ್ಯವನ್ನು ಬಿಡಿಸುವುದು ಬುದ್ಧಿಯೇ, ಪವಾಡವನ್ನು ಯಾರೂ ಬಿಡಿಸುವುದಿಲ್ಲ.

ಪೀಟರ್ಸ್ ದೋಷರಹಿತರಲ್ಲ. ಕಾದಂಬರಿಯಿಂದ ಕಾದಂಬರಿಗೆ ಒಂದು ಸುಂದರ ಯುವಜೋಡಿ ಒಂದಾಗಲೇಬೇಕೆಂಬ ಹಟ ದಣಿಸುತ್ತದೆ. ಪ್ರಯೋರ್ ರಾಬರ್ಟ್‌ನಂಥ ನಿಯಮನಿಷ್ಠರು ಬಹುಮಟ್ಟಿಗೆ ಅಹಂಕಾರದ ಗೊಂಬೆಗಳು. ‘ದ ಹೆರೆಟಿಕ್ಸ್ ಅಪ್ರೆಂಟಿಸ್’ನಲ್ಲಿ (1989), ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳು ದಂಡನೆಗೆ ಗುರಿಯಾಗುತ್ತಾರೆಂದು ಒಪ್ಪಲಾರದ ಯುವಕ ಎಲೇವ್ ಧರ್ಮದ್ರೋಹದ ಆರೋಪಕ್ಕೆ ಒಳಗಾಗುತ್ತಾನೆ, ಆಪಾದಿಸುವ ಕ್ಯಾನನ್ ಗರ್ಬರ್ಟ್ ಕಲ್ಲೆದೆಯವನು. ಶ್ರದ್ಧೆಯ ರಕ್ಷಣೆಗೆ ನಿಂತವನು ಕ್ರೂರಿಯೇ ಆಗಿರಬೇಕೆಂಬ ಈ ಸುಲಭ ಸಮೀಕರಣ ನನಗೆ ಒಪ್ಪಿಗೆಯಿಲ್ಲ, ಕೊನೆಗೆ ಎಲೇವ್‌ನನ್ನು ಬಿಡಿಸುವವರು ಧರ್ಮಾಧ್ಯಕ್ಷರೇ ಆದರೂ. ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ ಅಂಥ ಶಿಶುಗಳ ರಕ್ಷಣೆಯ ಭರವಸೆಯನ್ನು ಕುರಿತ ತನ್ನ ದಾಖಲೆಯನ್ನು ಪ್ರಕಟಿಸಿದ್ದು 2007ರಲ್ಲಿ. ಅದನ್ನು ಪಾಠ ಮಾಡುವಾಗ ಈ ಕಾದಂಬರಿಯನ್ನು ಜೊತೆಗಿಟ್ಟು ಓದಿಸಬಹುದು.

ಹೆಚ್ಚು ತೊಡಕಿನದು ಕ್ಯಾಡ್‌ಫೆಲ್‌ನ ಸ್ವಂತ ನ್ಯಾಯ. ‘ಮಂಕ್ಸ್ ಹುಡ್’ನಲ್ಲಿ (1980) ಆತ ಕೊಲೆಗಾರ ಮ್ಯೂರಿಗ್‌ನ ತಪ್ಪೊಪ್ಪಿಗೆಯನ್ನು ಕೇಳಿ, ಬದುಕಿ ಉಪಕಾರ ಮಾಡುತ್ತ ತೀರಿಸಬೇಕೆಂದು ಪ್ರಾಯಶ್ಚಿತ್ತ ವಿಧಿಸಿ, ಹೋಗಗೊಡುತ್ತಾನೆ. ನಿರಪರಾಧಿಗೆ ತೊಂದರೆಯಾಗದಂತೆ ಬರಹದ ಹೇಳಿಕೆಯನ್ನು ಪಡೆದಿರುತ್ತಾನೆಂಬುದು ನಿಜ. ಆದರೂ ಯಾಜಕನಲ್ಲದವನು, ಯಾವ ಅಧಿಕಾರವೂ ಇಲ್ಲದೆ, ಪಾಪನಿವೇದನೆಯ ಪೀಠದಲ್ಲಿಯೂ ನ್ಯಾಯಪೀಠದಲ್ಲಿಯೂ ಏಕಕಾಲಕ್ಕೆ ಕುಳಿತಿದ್ದಾನೆ. ಓದುಗರು ಮೆಚ್ಚುತ್ತಾರೆ, ನಾನೂ ಮೊದಲ ಓದಿನಲ್ಲಿ ಮೆಚ್ಚಿದ್ದೆ. ಒಳ್ಳೆಯ ಮನಸ್ಸಿನವನೊಬ್ಬ ತನ್ನ ಅಂತಃಸಾಕ್ಷಿಯನ್ನೇ ನಿಯಮವಾಗಿಸಿಕೊಳ್ಳುವ ಈ ಸುಖ ವಿಧೇಯತೆಯ ವ್ರತಕ್ಕೆ ಸಿದ್ಧರಾಗುತ್ತಿರುವವರಿಗೆ ಎಷ್ಟು ಆಕರ್ಷಕವೋ ಅಷ್ಟೇ ಅಪಾಯಕಾರಿ. ಒಂದೇ ಕಾದಂಬರಿಯಾಗಿದ್ದರೆ ದೂರು ಇಲ್ಲಿಗೆ ಮುಗಿಯುತ್ತಿತ್ತು. ಮಾಲೆಯಾದ್ದರಿಂದ ಸಾಲ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತದೆ, ಮತ್ತು ಪೀಟರ್ಸ್ ಅದನ್ನು ಮರೆತಿಲ್ಲ.

ಕೊನೆಯ ಕಾದಂಬರಿ ‘ಬ್ರದರ್ ಕ್ಯಾಡ್‌ಫೆಲ್ಸ್ ಪೆನನ್ಸ್’. ಸೈನಿಕ ಜೀವನದಲ್ಲಿ ತನಗೆ ಅರಿವಿಲ್ಲದೆ ಹುಟ್ಟಿದ ಮಗ ಒಲಿವಿಯೆ ಶತ್ರುವಿನ ಸೆರೆಯಲ್ಲಿದ್ದಾನೆಂದು ಕ್ಯಾಡ್‌ಫೆಲ್‌ಗೆ ತಿಳಿಯುತ್ತದೆ. ಮಠಾಧಿಪತಿ ರಾಡುಲ್ಫಸ್ ಕೊವೆಂಟ್ರಿಯ ಸಂಧಾನಸಭೆಯವರೆಗೆ ಮಾತ್ರ ಅನುಮತಿ ಕೊಡುತ್ತಾರೆ; ಅದರಾಚೆಗೆ ಹೋದರೆ ವ್ರತಭಂಗ. ಕ್ಯಾಡ್‌ಫೆಲ್ ಹೋಗುತ್ತಾನೆ. ಹಿಂದಿನ ಪುಸ್ತಕಗಳಲ್ಲಿ ನಿಯಮವನ್ನು ನಗುತ್ತ ದಾಟಿದವನು ಈ ಸಲ ತಾನೇನು ಮುರಿಯುತ್ತಿದ್ದೇನೆಂದು ಪೂರ್ತಿ ಅರಿತೇ ದಾಟುತ್ತಾನೆ. ತಾನು ಮಾಡಿದ್ದು ಸರಿಯೆಂದು ವಾದಿಸುವುದೂ ಇಲ್ಲ, ಮಗನನ್ನು ಉಳಿಸಿದ್ದಕ್ಕೆ ಪಶ್ಚಾತ್ತಾಪಪಡುವುದೂ ಇಲ್ಲ. ಇದೇ ನಮ್ಮ ನೀತಿಶಾಸ್ತ್ರದ ಪಾಠಗಳಿಗೆ ಸವಾಲು: ಪಶ್ಚಾತ್ತಾಪವಿಲ್ಲದ ಕೃತ್ಯಕ್ಕೆ ಪ್ರಾಯಶ್ಚಿತ್ತ ಹೇಗೆ? ನನ್ನ ವಿದ್ಯಾರ್ಥಿಗಳಲ್ಲಿ ಇದರ ಬಗ್ಗೆ ಒಮ್ಮತ ಮೂಡಿದ್ದಿಲ್ಲ. ಮಠಾಧಿಪತಿ ತೀರ ಬೇಗ ಕರಗಿದರೆಂದು ಕೆಲವರೂ, ಕ್ಯಾಡ್‌ಫೆಲ್ ಅಷ್ಟು ದೂರ ನಡೆದು ಹಿಂತಿರುಗಿದ್ದೇ ಪಶ್ಚಾತ್ತಾಪವೆಂದು ಕೆಲವರೂ ವಾದಿಸುತ್ತಾರೆ. ನಾನು ಎರಡನೆಯವರ ಕಡೆಗೆ ವಾಲುತ್ತೇನೆ. ಮುರಿದ ಮನೆಗೇ ಆತ ಮರಳಿ ಬಂದಿದ್ದಾನೆ, ಹಕ್ಕು ಕೇಳದೆ ಬಂದಿದ್ದಾನೆ, ಬಾಗಿಲು ತೆರೆಯದಿದ್ದರೂ ಒಪ್ಪಿಕೊಳ್ಳಲು ಸಿದ್ಧನಾಗಿದ್ದಾನೆ. ದೇವಾಲಯದ ತಣ್ಣನೆಯ ಕಲ್ಲುಹಾಸಿನ ಮೇಲೆ, ಸಹೋದರರ ಸಾಲಿನ ಹೊರಗೆ, ಅಧೋಮುಖನಾಗಿ ಕೈಚಾಚಿ ಮಲಗಿರುತ್ತಾನೆ. ವಯಸ್ಸಾದ ದೇಹ, ಕೀಲುಗಳಲ್ಲಿ ನೋವು. ರಾಡುಲ್ಫಸ್ ಬಂದು ಇಷ್ಟು ಸಾಕೆಂದು ಆತನನ್ನು ಎಬ್ಬಿಸಿ, ಪ್ರಾರ್ಥನೆಗೆ ನಿಂತ ಉಳಿದವರ ನಡುವೆ ಅವನ ಸ್ಥಳಕ್ಕೆ ಕರೆದೊಯ್ಯುತ್ತಾರೆ. ಪೀಟರ್ಸ್ ಮಾಲೆಯನ್ನು ಅಲ್ಲಿಗೆ ನಿಲ್ಲಿಸಿದರು, ಮರುವರ್ಷ ತೀರಿಕೊಂಡರು.